ಬೆಲ್ಲ ಬೆವರಿದ ಕೋಣೆ

ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ ನಮ್ಮ ಹಾಸ್ಟೆಲ್ ಕೋಣೆಯೊಳಗೆ ಎರಡು ತಕರಾರುಗಳಿದ್ದವು. ಒಂದು ನನ್ನ ಬೆಲ್ಲದ್ದು, ಇನ್ನೊಂದು ರಾಯಚೂರಿನ ಗೆಳೆಯನ ಮಡಕೆಯದು.

ಕಾಲೇಜು ಕರಾವಳಿಯಲ್ಲಿತ್ತು. ಕಿಟಕಿ ತೆರೆದರೆ ಸಮುದ್ರ ಕಾಣುತ್ತಿರಲಿಲ್ಲ, ಆದರೆ ಗಾಳಿಯಲ್ಲಿ ಅದರ ಅಂಟು ಇತ್ತು. ಗೌರಿ ಹಬ್ಬಕ್ಕೆ ಊರಿಗೆ ಹೋದವನು ಮಂಡ್ಯದ ಕಡೆಯ ನಮ್ಮ ಹಳ್ಳಿಯಿಂದ, ದೊಡ್ಡಪ್ಪನ ಆಲೆಮನೆಯ ಹತ್ತು ಅಚ್ಚು ಬೆಲ್ಲ ತಂದಿದ್ದೆ. ಊರಿನಲ್ಲಾದರೆ ಅದು ಅಟ್ಟದ ಮೇಲೆ ಕಲ್ಲಿನ ಹಾಗೆ ಕೂತಿರುವ ಬೆಲ್ಲ. ಒಡೆಯಲು ಗುಂಡುಕಲ್ಲೇ ಬೇಕು. ಇಲ್ಲಿ ಮೂರು ವಾರ ಕಳೆಯುವುದರೊಳಗೆ ಮೈಯೆಲ್ಲ ಬೆವರಿತು. ಸುತ್ತಿದ್ದ ಕಾಗದ ನೆನೆಯಿತು. ಮುಚ್ಚಳ ಸರಿಯಾಗಿ ಕೂರದ ತಗಡಿನ ಡಬ್ಬದ ತಳದಲ್ಲಿ ಕಂದು ಬಣ್ಣದ ಜೋನಿ ನಿಂತು, ಇರುವೆಗಳಿಗೆ ಹಬ್ಬವಾಯಿತು.

ಗೆಳೆಯನ ಕಥೆ ಇನ್ನೂ ಸ್ವಾರಸ್ಯದ್ದು. ಮಳೆ ಹಿಂದೆಗೆದ ಮೇಲಿನ ಸೆಕೆಗೆ ತಣ್ಣೀರು ಬೇಕೆಂದು ಪೇಟೆಯಿಂದ ಒಂದು ಮಣ್ಣಿನ ಹೂಜಿ ತಂದ. ಎರಡು ದಿನ ನೀರು ತುಂಬಿಟ್ಟು, ಕುಡಿದು ನೋಡಿ, ಮುಖ ಸಿಂಡರಿಸಿದ. "ನೀರು ತಣ್ಣಗ ಆಗವಲ್ದಲೇ. ಈ ಊರ ಮಣ್ಣೇ ಬರೋಬರಿ ಇಲ್ಲ." ದಸರಾ ರಜೆಗೆ ಹೋದವನು ಮನೆಯದೇ ಒಂದು ಸಣ್ಣ ಹರವಿಯನ್ನು ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಘಟ್ಟದ ಒಂದೊಂದು ತಿರುವಿಗೂ ಅಪ್ಪಿ ಹಿಡಿದು ತಂದ. ಅವನ ಅಜ್ಜಿ ಏಪ್ರಿಲ್ ಬಿಸಿಲಿನಲ್ಲಿ ಹಲ್ಲು ಜುಮ್ಮೆನ್ನುವಂಥ ನೀರು ಕೊಡುತ್ತಿದ್ದದ್ದು ಅದೇ ಹರವಿಯಿಂದ. ಇಲ್ಲಿ ಅದೂ ಕೈಕೊಟ್ಟಿತು. "ನಮ್ಮ ಹರವಿನೂ ಈ ಊರಿಗೆ ಬಂದು ಕೆಟ್ಟತು ನೋಡು" ಎಂದು ಅದನ್ನು ಕೊಡೆ, ಹಾಕಿ ಬ್ಯಾಟು ನಿಲ್ಲಿಸಲು ಬಳಸತೊಡಗಿದ.

ಆ ಸೆಮಿಸ್ಟರಿನಲ್ಲಿ ನಾವಿಬ್ಬರೂ ಓದುತ್ತಿದ್ದದ್ದು ಕೆಮಿಕಲ್ ಇಂಜಿನಿಯರಿಂಗ್ ಥರ್ಮೊಡೈನಮಿಕ್ಸ್. ಮೇಜಿನ ಮೇಲೆ ಪುಸ್ತಕ, ಪುಸ್ತಕದ ಪಕ್ಕ ಬೆಲ್ಲದ ಡಬ್ಬ, ಮೂಲೆಯಲ್ಲಿ ಹರವಿ. ಈ ಮೂರಕ್ಕೂ ಸಂಬಂಧವಿದೆ ಎಂದು ಹೊಳೆಯಲು ನನಗೆ ಎಷ್ಟು ವರ್ಷ ಹಿಡಿಯಿತು ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಪುಸ್ತಕವಂತೂ ಹೇಳುತ್ತಲೇ ಇತ್ತು.

ಥರ್ಮೊ ಬಗ್ಗೆ ಸೀನಿಯರ್‌ಗಳು ಮೊದಲೇ ಹೆದರಿಸಿದ್ದರು. ಕನ್ನಡದಲ್ಲಿ ಉಷ್ಣಗತಿವಿಜ್ಞಾನ ಅನ್ನುತ್ತಾರೆ. ಹೆಸರು ಕೇಳಿದರೆ ಬೆಂಕಿ, ಬಾಯ್ಲರು, ಉಗಿಬಂಡಿ ಕಣ್ಣ ಮುಂದೆ ಬರುತ್ತವೆ. ಮೊದಲರ್ಧ ಹಾಗೆಯೇ ಇತ್ತು. ಹಬೆ, ಪಿಸ್ಟನ್ನು, ಕಾರ್ನೋನ ಯಂತ್ರ. ಕೈಯಲ್ಲೊಂದು ಸ್ಟೀಮ್ ಟೇಬಲ್. ಪರೀಕ್ಷೆಯ ಕೋಣೆಯೊಳಕ್ಕೂ ಒಯ್ಯಬಹುದಾದ ಪುಸ್ತಕವಾದ್ದರಿಂದ ಅದರ ಮೇಲೆ ನಮಗೆ ವಿಶೇಷ ಭಕ್ತಿ. ಎರಡನೆಯ ಅರ್ಧದಲ್ಲಿ ಬೆಂಕಿ ಆರಿ, ವಿಷಯ ಸದ್ದಿಲ್ಲದೆ ಬೇರೆ ಕಡೆ ಹೊರಳುತ್ತದೆ. ಎರಡು ದ್ರವ ಬೆರೆತರೆ ಏನಾಗುತ್ತದೆ? ಬೆರೆತದ್ದನ್ನು ಬೇರ್ಪಡಿಸುವುದು ಹೇಗೆ? ಕೆಮಿಕಲ್ ಇಂಜಿನಿಯರನ ಹೊಟ್ಟೆಪಾಡು ಇರುವುದು ಇಲ್ಲಿಯೇ.

ಸ್ಮಿತ್ ಮತ್ತು ವ್ಯಾನ್ ನೆಸ್ ಅವರ ಹೆಸರಾಂತ ಪಠ್ಯದಲ್ಲಿ ಒಂದು ಲೆಕ್ಕವಿದೆ. ಪ್ರಯೋಗಾಲಯವೊಂದಕ್ಕೆ 2000 ಘನ ಸೆಂಟಿಮೀಟರ್ ಆಂಟಿಫ್ರೀಜ್ ಬೇಕು, ನೀರಿಗೆ ಮೆಥನಾಲ್ ಬೆರೆಸಿದ್ದು, ಮೋಲ್ ಲೆಕ್ಕದಲ್ಲಿ, ಅಂದರೆ ಅಣುಗಳ ಎಣಿಕೆಯಲ್ಲಿ, ನೂರಕ್ಕೆ 30 ಭಾಗ ಮೆಥನಾಲ್. ಯಾವುದನ್ನು ಎಷ್ಟು ಸುರಿಯಬೇಕು? ನೀರು ಎಂದೂ ಹೆಪ್ಪುಗಟ್ಟದ ಊರಿನಲ್ಲಿ ಬೆವರು ಒರೆಸಿಕೊಳ್ಳುತ್ತ ನಾವು ಈ ಆಂಟಿಫ್ರೀಜ್ ಲೆಕ್ಕ ಮಾಡಿದೆವು. ಉತ್ತರ: ಮೆಥನಾಲ್ 1017, ನೀರು 1053. ಅಡಿಗೆರೆ ಎಳೆದು, ಮುಂದಿನ ಲೆಕ್ಕಕ್ಕೆ ಹೋದೆ. ಎರಡನ್ನೂ ಕೂಡಿಸಿದರೆ 2070 ಆಗುತ್ತದೆ ಎಂಬುದನ್ನು ನೋಡಲೇ ಇಲ್ಲ. ಸುರಿದದ್ದು 2070, ಸಿಕ್ಕಿದ್ದು 2000. ಒಂದು ಹನಿಯೂ ಚೆಲ್ಲಿಲ್ಲ, ತೂಕ ಒಂದಿಷ್ಟೂ ಇಳಿದಿಲ್ಲ, ಸಣ್ಣ ಲೋಟದಷ್ಟು ಜಾಗ ಮಾತ್ರ ಮಾಯ. ಮದುವೆ ಮನೆಯಲ್ಲಿ ಅಡಿಗೆಭಟ್ಟರಿಗೆ ಸೇರಿಗೆ ಸೇರು ಅಳೆದು ಕೊಟ್ಟ ಸಾಮಾನಿನಲ್ಲಿ ಇಷ್ಟು ಕಡಿಮೆ ಬಂದಿದ್ದರೆ ಜಗಳವೇ ಆಗುತ್ತಿತ್ತು. ಅಂಕ ಸಿಗುತ್ತದೆ ಎಂದಾದರೆ ಎಂಥ ಪವಾಡವನ್ನೂ ಹುಡುಗರು ದಾಟಿಕೊಂಡು ಹೋಗುತ್ತಾರೆ.

ಇದಕ್ಕಿಂತ ವಿಚಿತ್ರವಾದದ್ದೂ ಇದೆ. ತುಂಬ ತೆಳುವಾದ ಮೆಗ್ನೀಸಿಯಂ ಸಲ್ಫೇಟ್ ದ್ರಾವಣಕ್ಕೆ ಇನ್ನೊಂದು ಚಿಟಿಕೆ ಅದೇ ಲವಣ ಹಾಕಿ. ದ್ರಾವಣದ ಗಾತ್ರ ಹೆಚ್ಚುವ ಬದಲು ಕೂದಲೆಳೆಯಷ್ಟು ಕುಗ್ಗುತ್ತದೆ. ಲವಣದ ಕಣಗಳು ಸುತ್ತಲಿನ ನೀರನ್ನು ಅಷ್ಟು ಬಿಗಿಯಾಗಿ ಎಳೆದುಕೊಳ್ಳುತ್ತವೆ. ಬಂದ ನೆಂಟನಿಂದ ಮನೆ ಇನ್ನಷ್ಟು ಖಾಲಿಯಾದಂತೆ. ಬೆರೆತ ಮೇಲೆ ಯಾವ ವಸ್ತುವೂ ಒಂಟಿಯಾಗಿದ್ದಾಗಿನದ್ದಲ್ಲ; ಅದರ ಗಾತ್ರ, ಶಾಖ, ಸ್ವಭಾವ ಎಲ್ಲವೂ ಅಕ್ಕಪಕ್ಕದವರನ್ನು ನೋಡಿಕೊಂಡು ಬದಲಾಗುತ್ತದೆ.

ಫ್ಯುಗಾಸಿಟಿ ಬಂದದ್ದು ಆಮೇಲೆ. ಮೇಷ್ಟ್ರು ಬೋರ್ಡಿನ ಮೇಲೆ ಎಫ್ ಬರೆದರು. ದ್ರಾವಣದೊಳಗಿನ ಒಂದು ವಸ್ತುವಿನ ಫ್ಯುಗಾಸಿಟಿಯಾದರೆ ಅದರ ಮೇಲೊಂದು ಟೋಪಿ. "ಟೋಪಿ ಹಾಕಿದ ಎಫ್" ಎಂದರು ಅವರು ಗಂಭೀರವಾಗಿಯೇ. ಹಿಂದಿನ ಬೆಂಚಿನಲ್ಲಿ ನಗು ಎದ್ದಿತು. ಸೆಮಿಸ್ಟರ್ ಮುಗಿಯುವವರೆಗೂ ಆ ಎಫ್ ನಮಗೆಲ್ಲ ಟೋಪಿ ಹಾಕುತ್ತಲೇ ಇತ್ತು. ಒತ್ತಡದ ಮಾನದಲ್ಲೇ ಅಳೆಯುತ್ತಾರೆ, ಆದರೆ ಒತ್ತಡವಲ್ಲ. ಒತ್ತಡವನ್ನು "ತಿದ್ದಿ" ಪಡೆದದ್ದು ಎಂದು ಉರು ಹೊಡೆದು ಬರೆದೆವು. ಅದು ಒಂದು ಮಾತು, ಲ್ಯಾಟಿನ್ನಿನಲ್ಲಿ ಓಡಿಹೋಗುವುದು ಎಂಬ ಅರ್ಥದ ಮೂಲದಿಂದ ಬಂದದ್ದು ಎಂದು ಗೊತ್ತಾದದ್ದು ಎಷ್ಟೋ ಆಮೇಲೆ.

ಅಮೆರಿಕದ ಗಿಲ್ಬರ್ಟ್ ನ್ಯೂಟನ್ ಲೂಯಿಸ್ 1901ರಲ್ಲಿ ಈ ಹೆಸರಿಟ್ಟಾಗ ಅವನ ವಯಸ್ಸು ಇಪ್ಪತ್ತೈದರ ಆಚೀಚೆ. ಅವನಿಗಿಂತ ಮುಂಚೆ, 1876ರಿಂದ 1878ರವರೆಗೆ, ಯೇಲ್ ವಿಶ್ವವಿದ್ಯಾಲಯದ ಜೊಸೈಯಾ ವಿಲರ್ಡ್ ಗಿಬ್ಸ್ ಕನೆಕ್ಟಿಕಟ್ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಉದ್ದನೆಯ ಪ್ರಬಂಧ ಪ್ರಕಟಿಸಿದ್ದ. ಪ್ರಾಧ್ಯಾಪಕನಾಗಿ ಮೊದಲ ಒಂಬತ್ತು ವರ್ಷ ಸಂಬಳವಿಲ್ಲದೆ ಕೆಲಸ ಮಾಡಿದ ಮನುಷ್ಯ. ಪ್ರತಿಯೊಂದು ವಸ್ತುವಿಗೂ ಅದು ಇರುವಲ್ಲಿ ಒಂದು "ರಾಸಾಯನಿಕ ವಿಭವ" ಇರುತ್ತದೆ, ನೀರು ಎತ್ತರದಿಂದ ತಗ್ಗಿಗೆ ಹರಿಯುವ ಹಾಗೆ ವಸ್ತು ಹೆಚ್ಚಿನ ವಿಭವದಿಂದ ಕಡಿಮೆಯ ಕಡೆಗೆ ಹರಿಯುತ್ತದೆ ಎಂಬುದು ಅವನ ಕಾಣ್ಕೆ. ಅದನ್ನು ಓದಿ ಅರ್ಥಮಾಡಿಕೊಂಡವರು ಬೆರಳೆಣಿಕೆಯಷ್ಟು ಜನ. ಸ್ಕಾಟ್ಲೆಂಡಿನ ಮ್ಯಾಕ್ಸ್‌ವೆಲ್ ಗಿಬ್ಸ್‌ನ ಇನ್ನೂ ಮುಂಚಿನ ಬರಹ ಓದಿ ಎಷ್ಟು ಮೆಚ್ಚಿದನೆಂದರೆ, ನೀರಿನಂಥ ವಸ್ತುವೊಂದರ ಎಲ್ಲ ಸ್ಥಿತಿಗಳನ್ನೂ ತೋರಿಸುವ ಉಬ್ಬುತಗ್ಗಿನ ಒಂದು ಮೇಲ್ಮೈಯನ್ನು ಕೈಯಾರೆ ಮಾಡಿ, ಪ್ಲಾಸ್ಟರಿನಲ್ಲಿ ಅಚ್ಚು ತೆಗೆದು, ಸಮುದ್ರದಾಚೆಗೆ ಗಿಬ್ಸ್‌ಗೆ ಕಳಿಸಿಕೊಟ್ಟ. ಸಮೀಕರಣವನ್ನು ಬೆರಳಲ್ಲಿ ಸವರಿ ನೋಡಬೇಕು ಅನ್ನಿಸಿತಲ್ಲ ಅವನಿಗೆ!

ಗಿಬ್ಸ್‌ನ ವಿಭವದಲ್ಲಿ ಒಂದು ತೊಡಕಿತ್ತು. ವಸ್ತು ವಿರಳವಾಗುತ್ತ ಹೋದರೆ ಅದರ ವಿಭವ ಮೈನಸ್ ಅನಂತಕ್ಕೆ ಜಾರಿಬಿಡುತ್ತದೆ. ಅಂಥ ಅಳತೆಯನ್ನು ಹಿಡಿದುಕೊಂಡು ಕಾರ್ಖಾನೆ ನಡೆಸುವುದು ಕಷ್ಟ. ಲೂಯಿಸ್ ಅದನ್ನೇ ಬೇರೆ ವೇಷದಲ್ಲಿ ಬರೆದ. ವಸ್ತುವೊಂದಕ್ಕೆ ತಾನಿರುವ ಜಾಗವನ್ನು ಬಿಟ್ಟು ಓಡುವ ಒಲವು ಎಷ್ಟು? ಅದಕ್ಕೊಂದು ಸಂಖ್ಯೆ. ಎಲ್ಲಿ ಹೆಚ್ಚೋ ಅಲ್ಲಿಂದ, ಎಲ್ಲಿ ಕಡಿಮೆಯೋ ಅಲ್ಲಿಗೆ. ಅಷ್ಟೇ. ಇದೇ ಶಾಸ್ತ್ರದ ಇನ್ನೊಂದು ಮಾತಾದ ಎಂಟ್ರೊಪಿಯ ಮೇಲೆ ಪ್ರಬಂಧ ಬರೆಯುವವರು, ಭಾಷಣ ಮಾಡುವವರು, ಅದರಲ್ಲಿ ಜಗತ್ತಿನ ಕೊನೆಯನ್ನೇ ಕಾಣುವವರು ಬೇಕಾದಷ್ಟು ಜನ ಇದ್ದಾರೆ. ಬಡಪಾಯಿ ಫ್ಯುಗಾಸಿಟಿಯ ಕಡೆ ಯಾರೂ ತಿರುಗಿ ನೋಡಿಲ್ಲ. ನನ್ನ ಮಟ್ಟಿಗೆ ಜಡವಸ್ತುವಿಗೆ ಬಯಕೆಯೊಂದನ್ನು ಆರೋಪಿಸಿ, ಆ ಬಯಕೆಯನ್ನು ಅಳೆದೂ ತೋರಿಸಿದ ಈ ಮಾತೇ ಇಡೀ ಶಾಸ್ತ್ರದಲ್ಲಿ ಹೆಚ್ಚು ಚಂದದ್ದು.

ಪುಸ್ತಕ, ಬೆಲ್ಲ, ಹರವಿಗಳ ಆ ಸಂಬಂಧ ಹೊಳೆದದ್ದು ಎಲ್ಲಿ ಅಂದರೆ, ಉಪ್ಪಿನ ಮುಂದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಗಾಳಿಯ ತೇವ ಅಳೆಯುವ ಮೀಟರುಗಳು ಸರಿಯಿವೆಯೇ ಎಂದು ಪರೀಕ್ಷಿಸುವುದು ನನ್ನ ಪಾಲಿಗೆ ಬಂತು. ಅದಕ್ಕೊಂದು ಹಳೆಯ ಉಪಾಯವಿದೆ. ಸಾಮಾನ್ಯ ಅಡಿಗೆ ಉಪ್ಪಿಗೆ ಸ್ವಲ್ಪವೇ ನೀರು ಹಾಕಿ ಕೆಸರಿನಂತೆ ಮಾಡಿ, ಗಾಳಿಯಾಡದ ಡಬ್ಬದಲ್ಲಿಟ್ಟು, ಮೀಟರನ್ನೂ ಒಳಗಿಟ್ಟು ಮುಚ್ಚುವುದು. ಕೆಲವು ಗಂಟೆ ಬಿಟ್ಟರೆ ಒಳಗಿನ ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ 75ರಲ್ಲಿ ಬಂದು ನಿಲ್ಲುತ್ತದೆ. ಉಪ್ಪು ಚೂರು ಹೆಚ್ಚಾದರೂ ಅಷ್ಟೇ, ನೀರು ಚೂರು ಹೆಚ್ಚಾದರೂ ಅಷ್ಟೇ. ಕರಗದ ಉಪ್ಪು ತಳದಲ್ಲಿ ಇರುವವರೆಗೆ 75. ಮೊದಲ ಸಲ ಮೀಟರಿನ ಮುಳ್ಳು ಅಲ್ಲಿ ಬಂದು ನಿಂತಾಗ ಯಾರೋ ಹಿಂದಿನಿಂದ ತಲೆಗೆ ಮೊಟಕಿದಂತಾಯಿತು. ಉಪ್ಪಿನ ಜೊತೆ ಸೇರಿದ ನೀರಿಗೆ ಓಡಿಹೋಗುವ ಬಯಕೆ ಶುದ್ಧ ನೀರಿನ ಮುಕ್ಕಾಲು ಪಾಲಷ್ಟೇ. ಮೇಲಿನ ಗಾಳಿಯ ನೀರಿಗೂ ಅಷ್ಟೇ ಬಯಕೆಯಾಗುವವರೆಗೆ ಓಟ ನಡೆಯುತ್ತದೆ, ಆಮೇಲೆ ನಿಲ್ಲುತ್ತದೆ. ದಿನಾ ಪೇಪರಿನಲ್ಲಿ ಹವಾಮಾನದ ಕೆಳಗೆ ಓದುವ ಆರ್ದ್ರತೆ ಎಂಬ ಸಂಖ್ಯೆ ಬೇರೇನೂ ಅಲ್ಲ, ಗಾಳಿಯೊಳಗಿನ ನೀರಿನ ಬಯಕೆಯ ಅಳತೆ.

ಹಾಸ್ಟೆಲ್ ಕೋಣೆ ಕಣ್ಣ ಮುಂದೆ ಬಂತು. ಮೂಲೆಯ ಹರವಿಯಲ್ಲಿ ಶುದ್ಧ ನೀರು. ಅದರ ಬಯಕೆ ನೂರಕ್ಕೆ ನೂರು. ಡಬ್ಬದ ಬೆಲ್ಲದೊಳಗೆ ಸಕ್ಕರೆಗೆ ಸಿಕ್ಕಿಕೊಂಡ ಅಷ್ಟಿಷ್ಟು ನೀರು. ಅದರ ಬಯಕೆ ಎಷ್ಟೋ ಕೆಳಗೆ. ನಡುವೆ ಕರಾವಳಿಯ ಗಾಳಿ, 75, 80, ಮಳೆ ಬಂದ ದಿನ ತೊಂಬತ್ತು. ಹರವಿಯ ನೀರು ಗಾಳಿಗೆ ಹೋಗಬಹುದು, ಆದರೆ ಹೋಗುವ ಆತುರವಿಲ್ಲ. ಅಲ್ಲಿಯೂ ಇಲ್ಲಿಯೂ ಹೆಚ್ಚುಕಡಿಮೆ ಒಂದೇ. ಬೆಲ್ಲದ ಕಡೆಗಾದರೋ ಗಾಳಿಯಿಂದ ನೀರು ಧುಮುಕುತ್ತಿತ್ತು. ಮಡಕೆ ಕೆಟ್ಟದ್ದಕ್ಕೂ ಬೆಲ್ಲ ಕೆಟ್ಟದ್ದಕ್ಕೂ ಕಾರಣ ಒಂದೇ, ಒಂದೇ ಕೋಣೆಯಲ್ಲಿ, ಎರಡು ಮಾರು ದೂರದಲ್ಲಿ.

ಆವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ಒಂದು ಗ್ರಾಂ ನೀರು ಆವಿಯಾಗಿ ಹೋಗುವಾಗ ಕೊಂಡೊಯ್ಯುವ ಶಾಖದಿಂದ ಸುಮಾರು 58 ಗ್ರಾಂ ನೀರನ್ನು ಹತ್ತು ಡಿಗ್ರಿ ತಣಿಸಬಹುದು. ಹರವಿಯ ಗುಟ್ಟೇ ಅದು: ಒಂದಿಷ್ಟು ನೀರು ಓಡಿಹೋಗಿ ಉಳಿದದ್ದನ್ನು ತಂಪಾಗಿಸುತ್ತದೆ. ರಾಯಚೂರಿನ ಬೇಸಗೆಯಲ್ಲಿ 40 ಡಿಗ್ರಿ ಬಿಸಿಲು, ಆರ್ದ್ರತೆ 20 ಇದ್ದರೆ, ಒದ್ದೆ ಮೈ ಇಳಿಯಬಹುದಾದ ಕನಿಷ್ಠ ಉಷ್ಣತೆ 22-23 ಡಿಗ್ರಿ. ಕರಾವಳಿಯಲ್ಲಿ 33 ಡಿಗ್ರಿ, ಆರ್ದ್ರತೆ 75 ಇದ್ದರೆ ಅದು 29ರ ಹತ್ತಿರವೇ ನಿಂತುಬಿಡುತ್ತದೆ. ಅಲ್ಲಿ ಹದಿನೇಳು ಡಿಗ್ರಿ ಲಾಭ, ಇಲ್ಲಿ ನಾಲ್ಕು. ಗೆಳೆಯನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರ ನಮ್ಮ ಹರವಿದು ಏನೂ ತಪ್ಪಿರಲಿಲ್ಲ ಅನ್ನು" ಎಂದ. ಅವನಿಗೆ ಬೇಕಾಗಿದ್ದದ್ದು ಅಷ್ಟು.

ಹೊಳೆದ ಮೇಲೆ ಅದು ಎಲ್ಲೆಲ್ಲೂ ಕಾಣತೊಡಗಿತು, ಹೊಸದಾಗಿ ಓದಲು ಕಲಿತ ಮಗು ದಾರಿಯುದ್ದಕ್ಕೂ ಅಂಗಡಿ ಬೋರ್ಡು ಓದುವ ಹಾಗೆ. ಉಪ್ಪಿನಲ್ಲಿ ಹಾಕಿದ ಮಾವಿನ ಮಿಡಿ ಸುಕ್ಕಾಗುವುದು, ಅದರೊಳಗಿನ ನೀರು ಉಪ್ಪಿನ ಕಡೆ ಓಡುವುದರಿಂದ. ಬೆಲ್ಲ ಒಣಗಿದ್ದರೆ ಬೂಷ್ಟು ಹಿಡಿಯದಿರುವುದು, ನೀರಿನ ಬಯಕೆ ನೂರಕ್ಕೆ ಸುಮಾರು 60ಕ್ಕಿಂತ ಕೆಳಗಿಳಿದ ಕಡೆ ಯಾವ ಸೂಕ್ಷ್ಮಜೀವಿಯೂ ಬೆಳೆಯಲಾರದ್ದರಿಂದ. ನೀರಿದೆ, ಆದರೆ ಅವಕ್ಕೆ ಸಿಗುವುದಿಲ್ಲ. ಕರಾವಳಿಯ ಹೋಟೆಲಿನಲ್ಲಿ ಉಪ್ಪಿನ ಡಬ್ಬಿಗೆ ನಾಲ್ಕು ಅಕ್ಕಿಕಾಳು ಹಾಕಿಟ್ಟದ್ದನ್ನು ಕಂಡಾಗ 75 ಎಂಬ ಸಂಖ್ಯೆ ನೆನಪಾಗುತ್ತದೆ.

ಸಮತೋಲನ ಎಂಬ ಮಾತು ನಮ್ಮನ್ನು ದಾರಿ ತಪ್ಪಿಸುತ್ತದೆ ಎಂದೂ ಅನ್ನಿಸಿದೆ. ಆ ಮಾತಿನೊಳಗೆ ತಕ್ಕಡಿ ಇದೆ. ಎರಡು ತಟ್ಟೆ ಸಮನಾಗಿ, ಮುಳ್ಳು ನೆಟ್ಟಗಾಗಿ, ಎಲ್ಲವೂ ಸ್ತಬ್ಧ. ಅರ್ಧ ನೀರು ತುಂಬಿ ಬಿಗಿಯಾಗಿ ಮುಚ್ಚಿದ ಬಾಟಲಿ ನೋಡಿದರೂ ಹಾಗೆಯೇ ಕಾಣುತ್ತದೆ. ಕೂತು ಲೆಕ್ಕ ಹಾಕಿದರೆ ಬೇರೆ. 25 ಡಿಗ್ರಿಯಲ್ಲಿ, ಹೆಬ್ಬೆರಳ ಉಗುರಿನಷ್ಟು, ಅಂದರೆ ಒಂದು ಚದರ ಸೆಂಟಿಮೀಟರ್ ನೀರಿನ ಮೇಲ್ಮೈಗೆ ಒಂದು ಸೆಕೆಂಡಿನಲ್ಲಿ ಬಂದು ಬಡಿಯುವ ನೀರಾವಿಯ ಅಣುಗಳು ಸುಮಾರು 1ರ ಮುಂದೆ 22 ಸೊನ್ನೆ. ಅವುಗಳಲ್ಲಿ ಎಷ್ಟು ಒಳಹೊಕ್ಕವೋ ಅಷ್ಟೇ ಅಣುಗಳು ಅದೇ ಕ್ಷಣದಲ್ಲಿ ಹೊರಬಿದ್ದಿರುತ್ತವೆ. ಬಯಕೆ ಸಮನಾಯಿತು ಅಂದರೆ ಬಯಕೆ ಇಲ್ಲವಾಯಿತು ಅಂತಲ್ಲ. ಸಂತೆಯ ದಿನ ಎರಡು ಊರಿನ ನಡುವೆ ಹೋಗುವವರೂ ಬರುವವರೂ ಒಂದೇ ಸಂಖ್ಯೆಯಲ್ಲಿದ್ದರೆ ಊರಿನ ಜನಗಣತಿ ಬದಲಾಗುವುದಿಲ್ಲ. ರಸ್ತೆಯಲ್ಲಿ ನಿಂತು ನೋಡಿದವನಿಗೆ ಗೊತ್ತು, ಧೂಳು ಎಷ್ಟು ಎಂದು.

ಈ ಶಾಸ್ತ್ರದ ಒಂದು ಮೊಂಡುತನ ಮಾತ್ರ ನನಗೆ ಬಹಳ ದಿನ ಅರಗಲಿಲ್ಲ. ಕೊನೆಯ ವರ್ಷ ಡಿಸ್ಟಿಲರಿಯೊಂದಕ್ಕೆ ತರಬೇತಿಗೆ ಹೋಗಿದ್ದೆ. ಕಾಕಂಬಿಯನ್ನು ಹುಳಿ ಬರಿಸಿ, ತೆಂಗಿನಮರಕ್ಕಿಂತ ಎತ್ತರದ ಕಂಬಗಳಲ್ಲಿ ಬಟ್ಟಿ ಇಳಿಸುತ್ತಾರೆ. ಒಳಗೆ ತಟ್ಟೆಯ ಮೇಲೆ ತಟ್ಟೆ. ಒಂದೊಂದು ತಟ್ಟೆ ಹತ್ತಿದಂತೆಯೂ ಆವಿಯಲ್ಲಿ ಆಲ್ಕೊಹಾಲ್ ಹೆಚ್ಚುತ್ತದೆ. ತೂಕದಲ್ಲಿ ನೂರಕ್ಕೆ 95.6ಕ್ಕೆ ಬಂದಾಗ ನಿಂತುಬಿಡುತ್ತದೆ. 78.2 ಡಿಗ್ರಿಯಲ್ಲಿ ಕುದಿಯುತ್ತದೆ, ಮೇಲೇಳುವ ಆವಿಯಲ್ಲೂ ಅದೇ 95.6. ಇನ್ನು ನೂರು ತಟ್ಟೆ ಕಟ್ಟಿ, ಸಾವಿರ ಕಟ್ಟಿ, ಒಂದಿಷ್ಟೂ ಮುಂದೆ ಹೋಗುವುದಿಲ್ಲ. ಉಳಿದ 4.4 ಪಾಲು ನೀರು ಆಲ್ಕೊಹಾಲಿನ ಕೈಬಿಡುವುದಿಲ್ಲ; ಓಡಿದರೆ ಇಬ್ಬರೂ ಒಟ್ಟಿಗೆ, ಇದ್ದ ಪ್ರಮಾಣದಲ್ಲೇ. ಇದಕ್ಕೆ ಅಜಿಯೊಟ್ರೋಪ್ ಎಂದು ಹೆಸರು. ಬೆಂಕಿಗೆ ಬಗ್ಗದ್ದನ್ನು ಬಗ್ಗಿಸಲು 1902ರಲ್ಲಿ ಸಿಡ್ನಿ ಯಂಗ್ ಬೆಂಜೀನನ್ನು ನಡುವೆ ತಂದ. ಮೂರನೆಯವನು ಬಂದ ಮೇಲೆ ಜೋಡಿ ಮುರಿಯಿತು. ಈಗ ಪೆಟ್ರೋಲಿಗೆ ಬೆರೆಸುವ ಎಥೆನಾಲ್‌ಗೆ ಜರಡಿಯಿದೆ: ನೀರಿನ ಅಣು ನುಗ್ಗುವಷ್ಟು, ಆಲ್ಕೊಹಾಲಿನ ಅಣು ನುಗ್ಗದಷ್ಟು ಕಿರಿದಾದ ತೂತುಗಳ ಹರಳುಗಳು. ಆ ಕಂಬದ ಬುಡದಲ್ಲಿ ನಿಂತು, ಅಷ್ಟು ಎತ್ತರದ ಉಕ್ಕು, ಅಷ್ಟು ಹಬೆ, ಪಾಳಿಯ ಮೇಲೆ ದುಡಿಯುವ ಅಷ್ಟು ಜನ ಎಲ್ಲವೂ ಆ 95.6ರ ಮುಂದೆ ಕೈಕಟ್ಟಿ ನಿಂತಿರುವುದನ್ನು ನೋಡಿ ನನಗೆ ಒಂದು ಥರದ ಸಂತೋಷವಾಯಿತು. ಯಾಕೆ ಸಂತೋಷ ಎಂದು ಶಿಫ್ಟ್ ಇಂಜಿನಿಯರರಿಗೆ ಹೇಳಲು ಹೋಗಲಿಲ್ಲ.

ಹೋದ ವರ್ಷ ಸುಗ್ಗಿಯಲ್ಲಿ ಊರಿಗೆ ಹೋದಾಗ ಒಂದು ಉದ್ದನೆಯ ಥರ್ಮಾಮೀಟರ್ ತೆಗೆದುಕೊಂಡು ಹೋಗಿದ್ದೆ. ದೊಡ್ಡಪ್ಪನಿಗೆ ಈಗ ಎಪ್ಪತ್ತು ದಾಟಿದೆ, ಆದರೂ ಪಾಕದ ಹದ ನೋಡಲು ಅವರೇ ನಿಲ್ಲಬೇಕು. ಕಬ್ಬಿನ ಸಿಪ್ಪೆ ತುಂಬಿದ ಒಲೆ ಧಗಧಗ ಉರಿಯುತ್ತಿತ್ತು. ಕೊಪ್ಪರಿಗೆಯ ಕಬ್ಬಿನ ಹಾಲು ಮೊದಲು ನೂರರ ಹತ್ತಿರ ಕೊತಕೊತ ಕುದಿಯಿತು, ಬಹಳ ಹೊತ್ತು. ಮಡ್ಡಿ ತೆಗೆದರು. ನೀರು ಹೋದಂತೆ ಗುಳ್ಳೆ ಸಣ್ಣದಾಗುತ್ತ, ಬಣ್ಣ ತಿರುಗುತ್ತ, ಸದ್ದು ದಪ್ಪವಾಗುತ್ತ ಬಂತು. 105, 110. ಉರಿ ಅಷ್ಟೇ ಇದೆ, ಹಬೆ ಕಡಿಮೆಯಾಗುತ್ತಿದೆ. ದೊಡ್ಡಪ್ಪ ತಣ್ಣೀರಿನ ಬಟ್ಟಲಿಗೆ ಒಂದು ತೊಟ್ಟು ಪಾಕ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ನೋಡಿದರು. "ಇನ್ನೊಸಿ" ಎಂದರು. ಮತ್ತೆ ಎರಡು ನಿಮಿಷಕ್ಕೆ ನೋಡಿದರು. ನನ್ನ ಥರ್ಮಾಮೀಟರಿನಲ್ಲಿ 118.

118 ಡಿಗ್ರಿಯಲ್ಲಿ ಶುದ್ಧ ನೀರಾಗಿದ್ದರೆ ಅದರ ಆವಿ ಸುಮಾರು 1.86 ಬಾರ್ ಒತ್ತಡದಿಂದ ನುಗ್ಗುತ್ತಿತ್ತು. ಇಲ್ಲಿ ಸುತ್ತಲಿನ ಗಾಳಿಯನ್ನು ಸರಿದೂಗಿಸುವಷ್ಟು, ಒಂದು ಬಾರ್‌ಗೆ ಒಂದಿಷ್ಟು ಕೆಳಗೆ. ಭಾಗಿಸಿದರೆ ಸುಮಾರು 0.50. ಬರೀ ಅಣುಗಳ ತಲೆ ಎಣಿಸಿ, ಸಕ್ಕರೆ ಇಷ್ಟು ನೀರು ಇಷ್ಟು ಎಂದು ಲೆಕ್ಕ ಹಾಕಿದರೆ ಇಷ್ಟು ಇಳಿಯಬಾರದು. ಸಕ್ಕರೆ ಎಣಿಕೆಗಿಂತ ಬಿಗಿಯಾಗಿ ಹಿಡಿದುಕೊಂಡಿದೆ. ಕಾಗದ ಸಿಗದೆ ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದೆ. ದೊಡ್ಡಪ್ಪ ಬಗ್ಗಿ ನೋಡಿದರು.

"ಏನ್ ಮಗ ಅದು?"

"ಒಳಗೆ ಇನ್ನೂ ನೀರೈತೆ ದೊಡ್ಡಪ್ಪ. ಈಚೆಗೆ ಬರೋ ಆಸೆ ಮಾತ್ರ ಅರ್ಧದ ಹತ್ರಕ್ಕೆ ಇಳ್ದೈತೆ. ಅದನ್ನ ಬರ್ಕೊಂಡೆ."

"ಅಷ್ಟು ಬೆಂಕಿ ಹಾಕಿದ್ರೂವೆ ಬರಾಕಿಲ್ವಾ?"

"ಬರ್ತದೆ, ಇನ್ನೂ ಬೆಂಕಿ ಬೇಕು. ಸಕ್ಕರೆ ಬಿಡಲ್ಲ ಅದನ್ನ."

"ಯಾಕೆ ಬಿಡಾಕಿಲ್ವಂತೆ?"

ಎಷ್ಟು ಎಂದು ಕೇಳಿದ್ದರೆ ಎರಡು ದಶಮಾಂಶದವರೆಗೆ ಹೇಳುತ್ತಿದ್ದೆ. ನಾನು ಓದಿದ ಪುಸ್ತಕ ಯಾಕೆ ಎಂದು ಕೇಳಿದವರಿಗೆ ಉತ್ತರ ಕೊಡುವುದಿಲ್ಲ; ಅದಕ್ಕೆ ಬೇರೆ ಪುಸ್ತಕ ತೆಗೆಯಬೇಕು, ಅಣುವಿನೊಳಗೆ ಇಳಿಯಬೇಕು. ಬಾಯಿ ತೆರೆದೆ. ದೊಡ್ಡಪ್ಪ ಕಾಯಲಿಲ್ಲ, ಆಳುಗಳನ್ನು ಕೂಗಿದರು. ಕೊಪ್ಪರಿಗೆಯನ್ನು ಎತ್ತಿ ಬಗ್ಗಿಸಿದರು. ಪಾಕ ಹೊನ್ನಿನ ಬಣ್ಣದಲ್ಲಿ ದಪ್ಪಗೆ ಇಳಿಯಿತು, ಮರದ ಹುಟ್ಟಿನಿಂದ ತಿರುವಿದರು, ಸ್ವಲ್ಪ ಹೊತ್ತಿಗೆ ಅಚ್ಚಿನ ಮಣೆಗೆ ತುಂಬಿದರು. ಮಣೆಯ ಮೇಲಿಂದ ತೆಳ್ಳಗೆ ಹಬೆ ಏಳುತ್ತಿತ್ತು. ಒಂದೆರಡು ನಿಮಿಷಕ್ಕೆ ಅದೂ ನಿಂತಿತು.